ಕನಗನಹಳ್ಳಿಯ ಅಶೋಕಫಲಕ: ಒಂದು ವಿಮರ್ಶೆ

ಭೀಮಾನದಿಯ ಎಡದಂಡೆಯಲ್ಲಿ, ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಸಮೀಪವಾದ ಕನಗನಹಳ್ಳಿಯಲ್ಲಿ, 1994 ಮೊದಲ್ಗೊಂಡು ಕೆಲವು ವರ್ಷಗಳ ಕಾಲ ಭಾರತೀಯ ಪುರಾತತ್ತ್ವ ಇಲಾಖೆಯವರು ನಡೆಸಿದ ಉತ್ಖನನದಿಂದ ಒಂದು ಮಹಾಸ್ತೂಪದ ಅವಶೇಷಗಳು ಬೆಳಕಿಗೆ ಬಂದ ಸಂಗತಿಯು ವಾಚಕರಿಗೆ ತಿಳಿದೇ ಇರುವುದು. ಆ ಅವಶೇಷಗಳ ನಡುವೆ ದೊರೆತ ಒಂದು ಶಿಲಾಫಲಕದಲ್ಲಿ ರಾಣಿಯೊಡನೆಯೂ ಛತ್ರಚಾಮರಧಾರಿಣಿಯರೊಡನೆಯೂ ನಿಂತ ಒಬ್ಬ ಅರಸನ ಆಕೃತಿಯಿದ್ದು, ಅದರೊಡನೆ ಬ್ರಾಹ್ಮೀಲಿಪಿಯಲ್ಲಿ ‘ರಾಯಾ ಅಸೋಕೋ’ ಎಂಬ ಎರಡು ಪದಗಳು ಕೆತ್ತಲ್ಪಟ್ಟಿವೆ. ಅಂದಿನಿಂದ ಇಂದಿನವರೆಗೆ ವೃತ್ತಪತ್ರಿಕೆಗಳಲ್ಲಿಯೂ ಪ್ರವಾಸಿಗಳ ಕೈಪಿಡಿಗಳಲ್ಲಿಯೂ ಈ ಫಲಕವು ‘ಅಶೋಕ ಚಕ್ರವರ್ತಿಯ ಏಕೈಕ ನಿಜವಾದ ಭಾವಚಿತ್ರ’ವೆಂದು ಹೊಗಳಲ್ಪಡುತ್ತಲಿದೆ. ಈ ಹೊಗಳಿಕೆಯು ಎಷ್ಟರಮಟ್ಟಿಗೆ ನಿಲ್ಲತಕ್ಕದ್ದು, ನಿಲ್ಲದಿದ್ದ ಪಕ್ಷದಲ್ಲಿ ಫಲಕದ ಬೆಲೆಯು ಕುಗ್ಗುವುದೋ ಹೆಚ್ಚುವುದೋ ಎಂಬುದೇ ಇಲ್ಲಿ ವಿಚಾರ್ಯವಾದ ವಿಷಯ.

ಈ ವಿಚಾರಕ್ಕೆ ನನ್ನನ್ನು ತೊಡಗಿಸಿದವನು ಒಬ್ಬ ವಿದ್ಯಾರ್ಥಿ. ನಮ್ಮ ಕಡಗಂಚಿಯ ಬಯಲಿನಲ್ಲಿ, 2009ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯವು ನೆಲೆಗೊಂಡಿದೆಯಷ್ಟೆ. ಅಲ್ಲಿ ಓದುವ ಹುಡುಗನೊಬ್ಬನು ಒಂದು ಸಾಯಂಕಾಲ ನಮ್ಮ ಮನೆಗೆ ಬಂದು, ಪತ್ರಿಕೆಯಲ್ಲಿ ಅಚ್ಚಾದ ಆ ಚಿತ್ರವನ್ನು ಮುಂದಿಟ್ಟು, “ಗುರುಗಳೆ, ಅಶೋಕನ ಮುಖ ಖರೇನ ಹಿಂಗs ಇತ್ತೇನ್ರಿ?” ಎಂದು ಕೇಳಿದನು. ಮೂವತ್ತು ವರ್ಷ ಪಾಠಶಾಲೆಯಲ್ಲಿ ಕಾವ್ಯನಾಟಕಾಲಂಕಾರಗಳನ್ನು ಹೇಳಿದ ನನಗೆ ಆ ಕ್ಷಣದಲ್ಲಿ ಉತ್ತರ ತೋರಲಿಲ್ಲ. ಮುಂದಿನ ವಾರ ಅವನನ್ನೇ ಜೊತೆಮಾಡಿಕೊಂಡು ಕಲಬುರಗಿಯ ಮಾರ್ಗವಾಗಿ ಸನ್ನತಿಗೆ ಹೊರಟೆನು.

ಸನ್ನತಿಯು ನಮ್ಮ ಸೀಮೆಯವರಿಗೆ ಹೊಸ ಸ್ಥಳವಲ್ಲ. ಅಲ್ಲಿಯ ಚಂದ್ರಲಾ ಪರಮೇಶ್ವರಿಯು ಎಷ್ಟೋ ಮನೆತನಗಳ ಕುಲದೇವತೆ. ದೇವಿಯು ದುಂಬಿಗಳನ್ನು ಕಳುಹಿಸಿ ದುಷ್ಟರಾಜನನ್ನು ಓಡಿಸಿದ ಕಥೆಯನ್ನು ನಾನು ಬಾಲ್ಯದಲ್ಲಿಯೇ ಕೇಳಿದ್ದೆನು. ಗಾಣಗಾಪುರದಲ್ಲಿ ಅಮರಜೆಯನ್ನು ಕೂಡಿಕೊಂಡ ಭೀಮೆಯೇ ಮುಂದೆ ಹರಿದು ಇಲ್ಲಿ ದೊಡ್ಡದೊಂದು ಬಳಸು ಹಾಕುತ್ತದೆ. ಆ ಬಳಸಿನ ಮಗ್ಗುಲಲ್ಲಿ ‘ರಣಮಂಡಲ’ವೆಂದು ಜನರು ಕರೆಯುವ ಹಳೆಯ ಕೋಟೆಯ ದಿಣ್ಣೆ, ಎಲ್ಲೆಡೆಯಲ್ಲಿಯೂ ಇಟ್ಟಿಗೆಯ ಚೂರು, ಮಡಕೆಯ ಓಡು. ನೇಗಿಲಿಗೆ ಕಲ್ಲು ತಗುಲಿದರೆ ಅದನ್ನೆತ್ತಿ ಬದುವಿಗೆ ಹಾಕುವುದೇ ರೈತರ ರೂಢಿಯಾಗಿದ್ದ ಈ ಸ್ಥಳದ ಕಡೆಗೆ ವಿದ್ವಾಂಸರ ಕಣ್ಣನ್ನು ತಿರುಗಿಸಿದವರು ಕಪಟರಾಳ ಕೃಷ್ಣರಾಯರು. 1950ರ ದಶಕದಲ್ಲಿ ಅವರು ಇಲ್ಲಿಯ ಬ್ರಾಹ್ಮೀಶಾಸನಗಳನ್ನು ಪ್ರಕಟಪಡಿಸಿದರು. ಅವರಿಗೆ ಸಲ್ಲಬೇಕಾದ ಮನ್ನಣೆಯು ಇನ್ನೂ ಪೂರ್ತಿಯಾಗಿ ಸಂದಿಲ್ಲವೆಂದು ನನ್ನ ಅಭಿಪ್ರಾಯ.

ಸ್ತೂಪದ ಸ್ಥಳವನ್ನು ನೋಡಿದಾಗ ಮೊದಲು ಹುಟ್ಟಿದುದು ವಿಸ್ಮಯವಲ್ಲ, ಗೊಂದಲ. ವೃತ್ತಾಕಾರದ ಅಧಿಷ್ಠಾನವೂ ಸುತ್ತಣ ಪ್ರದಕ್ಷಿಣಪಥವೂ ತಿಳಿಯುತ್ತವೆ. ಆದರೆ ಅಂಡಭಾಗವನ್ನು ಹೊದಿಸಿದ್ದ ಫಲಕಗಳು ಕುಸಿದುಹೋಗಿದ್ದು, ಉತ್ಖನನವಾದ ಮೇಲೆ ಬಹುಕಾಲ ಬಯಲಿನಲ್ಲಿಯೇ ಬಿಡಿಬಿಡಿಯಾಗಿ ಮಲಗಿದ್ದವು. ಕಲ್ಲು ನಮ್ಮ ಭೀಮಾತೀರದ ಸುಣ್ಣಕಲ್ಲು. ಶಹಾಬಾದಿನಿಂದ ಬಂದು ನಮ್ಮ ಮನೆಗಳ ನೆಲಕ್ಕೆ ಹಾಸಲ್ಪಡುವ ಚಪ್ಪಡಿಯ ಬಂಧುವೇ ಅದು. ದಿನವೂ ಕಾಲಡಿಯಲ್ಲಿರುವ ಕಲ್ಲಿನಿಂದ ಇಂತಹ ಸೂಕ್ಷ್ಮವಾದ ಬೆರಳು, ಇಂತಹ ಮಡಿಕೆ ಮಡಿಕೆಯ ಸೀರೆ, ಹೂವಿನ ಇಂತಹ ಎಸಳು ಹೊರಡುವುದೆಂದು ನಾನು ಊಹಿಸಿರಲಿಲ್ಲ. ಫಲಕದ ಮುಂದೆ ನಾವಿಬ್ಬರೂ ಬಹಳ ಹೊತ್ತು ನಿಂತೆವು. ಹುಡುಗನು ಮುಖವನ್ನು ನೋಡುತ್ತಿದ್ದನು. ನಾನು ಅಕ್ಷರಗಳನ್ನು ನೋಡುತ್ತಿದ್ದೆನು. ಈ ಲೇಖನವೆಲ್ಲವೂ ಆ ಭೇದದಿಂದಲೇ ಹುಟ್ಟಿತೆನ್ನಬಹುದು.

ಮೊದಲು ಪಾಠವನ್ನು ವಿಚಾರಿಸೋಣ. ಉತ್ಖನನದ ಆರಂಭದ ವರದಿಗಳ ಮೂಲಕ ‘ರಞ್ಞೋ ಅಶೋಕ’ ಎಂಬ ಓದು ಹರಡಿತು. ಈಗಲೂ ಅನೇಕರು ಅದನ್ನೇ ಉದಾಹರಿಸುತ್ತಾರೆ. ‘ರಞ್ಞೋ’ ಎಂಬುದು ಸಂಸ್ಕೃತದ ‘ರಾಜ್ಞಃ’ ಎಂಬುದರ ಪ್ರಾಕೃತರೂಪ, ಷಷ್ಠೀವಿಭಕ್ತಿ, ‘ರಾಜನ’ ಎಂದರ್ಥ. ಹಾಗಿದ್ದಲ್ಲಿ ವಿಶೇಷಣವಿಶೇಷ್ಯಗಳಿಗೆ ಸಮಾನವಿಭಕ್ತಿ ಬರಬೇಕಾದ ನ್ಯಾಯದಿಂದ ಮುಂದಿನ ಹೆಸರೂ ‘ಅಸೋಕಸ’ ಎಂದು ಷಷ್ಠಿಯಲ್ಲಿಯೇ ಇರತಕ್ಕದ್ದು. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ, ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದನ್ನು ಮೊದಲು ಸ್ಥಿರಪಡಿಸಿದ ಶಾಸನದಲ್ಲಿ, ಬಿರುದೂ ಹೆಸರೂ ಎರಡೂ ಷಷ್ಠ್ಯಂತಗಳೇ ಆಗಿವೆ. ಕನಗನಹಳ್ಳಿಯ ಕಲ್ಲಿನಲ್ಲಿಯಾದರೋ ಹೆಸರು ‘ಅಸೋಕೋ’ ಎಂದು ಓಕಾರಾಂತವಾಗಿ, ಪ್ರಥಮಾವಿಭಕ್ತಿಯಲ್ಲಿ ನಿಂತಿದೆ. ಆದಕಾರಣ ಮೊದಲ ಪದವನ್ನು ‘ರಾಯಾ’ ಎಂದು ಪ್ರಥಮೆಯಾಗಿಯೇ ಓದತಕ್ಕದ್ದು. 2014ರಲ್ಲಿ ಈ ಸ್ಥಳದ ಶಾಸನಗಳೆಲ್ಲವನ್ನೂ ಪರಿಶೋಧಿಸಿ ಪ್ರಕಟಿಸಿದ ಜರ್ಮನಿಯ ಓಸ್ಕರ್ ಫಾನ್ ಹಿನ್ಯೂಬರ್ ಮತ್ತು ಜಪಾನಿನ ಮೈಕೊ ನಕಾನಿಶಿ ಇವರ ಓದೂ ಇದೇ.

ಇದು ವೈಯಾಕರಣರ ಹರಟೆಯೆಂದು ಯಾರಾದರೂ ನಗಬಹುದು. ಆದರೆ ಅರ್ಥಭೇದವು ಅಲ್ಪವಲ್ಲ. ‘ರಾಜನಾದ ಅಶೋಕನ’ ಎಂದರೆ ಏನೋ ಒಂದು ವಸ್ತು ಅವನದು, ಅವನ ದಾನ, ಅವನ ಕಾಲದ್ದು ಎಂಬ ಆಕಾಂಕ್ಷೆ ಹುಟ್ಟುತ್ತದೆ. ‘ರಾಜನಾದ ಅಶೋಕನು’ ಎಂದರೆ ನೋಡುವವನಿಗೆ ‘ಇವನೇ ಅವನು’ ಎಂದು ತೋರಿಸಿದಂತಾಗುತ್ತದೆ. ಮೊದಲನೆಯದು ಸ್ವಾಮ್ಯದ ಮಾತು. ಎರಡನೆಯದು ಪರಿಚಯದ ಮಾತು. ಅಲ್ಲದೆ ಜಕಾರವು ಹೋಗಿ ಯಕಾರವು ಬಂದ ‘ರಾಯಾ’ ಎಂಬ ರೂಪವೇ ಅಶೋಕನ ಕಾಲದ ಭಾಷೆಯಿಂದ ಈ ಬರಹವು ಎಷ್ಟು ದೂರ ಸರಿದಿದೆಯೆಂಬುದಕ್ಕೆ ಸಾಕ್ಷಿ. ಈ ಪದವು ನಮ್ಮ ಭಾಷೆಗೂ ಬಂತು. ವಿಜಯನಗರದ ಅರಸರ ಹೆಸರಿನಲ್ಲಿ ನಿಂತಿತು. ನಮ್ಮ ಸೀಮೆಯಲ್ಲಿ ಇಂದಿಗೂ ಹೆಸರುಗಳ ತುದಿಯಲ್ಲಿ ಬರುತ್ತದೆ. ಕನಗನಹಳ್ಳಿಯ ಆ ಎರಡು ಪದಗಳಲ್ಲಿ ಒಂದನ್ನು ಅಲ್ಲಿಯ ಕಾವಲುಗಾರನಿಗೆ ವಿವರಿಸಬೇಕಾದ ಅವಶ್ಯವೇ ಬೀಳಲಿಲ್ಲ.

ಪ್ರಸಂಗವಶಾತ್ ಇನ್ನೊಂದು ಮಾತು. ಈ ಸ್ತೂಪದ ಹೆಸರನ್ನು ‘ಅಧೋಲೋಕ ಮಹಾಚೈತ್ಯ’ವೆಂದು ಮೊದಲು ಓದಲಾಗಿ, ಪಾತಾಳಲೋಕದ ಕಲ್ಪನೆಯೆಲ್ಲವೂ ಅದರ ಸುತ್ತ ಬೆಳೆಯಿತು. ಮೇಲೆ ಹೇಳಿದ ಪರಿಶೋಧಕರು ಅದನ್ನು ‘ಅಧಾಲಕ’ ಎಂದು ಓದಿದ್ದಾರೆ. ಪಾತಾಳಕ್ಕೆ ಅಲ್ಲಿ ಎಡೆಯಿಲ್ಲ. ಒಂದು ಸ್ವರವನ್ನು ಅವಸರದಲ್ಲಿ ಓದಿದುದರಿಂದ ಒಂದು ಲೋಕವೇ ಹುಟ್ಟಿಕೊಂಡುದನ್ನು ನೋಡಿದರೆ ನಮ್ಮ ಕವಿಗಳೇ ನಾಚಬೇಕು.

ಇನ್ನು ಮುಖದ ವಿಚಾರ. ಅಶೋಕನು ತೀರಿಕೊಂಡುದು ಕ್ರಿ. ಪೂ. 232ರ ಸುಮಾರಿಗೆ. ಕನಗನಹಳ್ಳಿಯ ಫಲಕಗಳು ಸಾತವಾಹನರ ಕಾಲದವು. ಅಶೋಕನಿಗೂ ಈ ಶಿಲ್ಪಿಗೂ ನಡುವೆ ಎರಡು ಮೂರು ಶತಮಾನಗಳ ಅಂತರವಿದೆ. ಶಿಲ್ಪಿಯು ಅವನನ್ನು ಕಂಡವನಲ್ಲ, ಕಂಡವರನ್ನು ಕಂಡವನೂ ಅಲ್ಲ. ತಲೆಯ ಉಷ್ಣೀಷ, ಕೊರಳ ಹಾರ, ಪಕ್ಕದ ಚಾಮರಧಾರಿಣಿ, ಇವೆಲ್ಲವೂ ಅದೇ ಸ್ತೂಪದ ಇತರ ಅರಸರಿಗೂ ಸಾಧಾರಣವಾದ ರಾಜಲಕ್ಷಣಗಳೇ. ಹೆಸರನ್ನು ಬೆರಳಿನಿಂದ ಮುಚ್ಚಿದರೆ ಇವನು ಯಾವ ಅರಸನಾದರೂ ಆಗಬಹುದು. ಆದುದರಿಂದ ‘ನಿಜವಾದ ಭಾವಚಿತ್ರ’ ಎಂಬ ಮಾತು ನಿಲ್ಲುವುದಿಲ್ಲ. ಸಾಂಚಿಯ ತೋರಣಗಳಲ್ಲಿಯೂ ಅಶೋಕನ ಆಕೃತಿಯನ್ನು ವಿದ್ವಾಂಸರು ಗುರುತಿಸಿರುವರಾದರೂ ಅಲ್ಲಿ ಹೆಸರಿಲ್ಲದ ಕಾರಣ ಅದು ಅನುಮಾನಪ್ರಮಾಣ ಮಾತ್ರ, ಇಲ್ಲಿಯದು ಶಬ್ದಪ್ರಮಾಣ. ನಮಗೆ ದೊರೆತಿರುವುದು ಅಶೋಕನ ಮುಖವಲ್ಲ. ಅವನ ಮುಖ ಕಾಣದ ಜನರು ಅವನನ್ನು ಹೆಸರು ಹೇಳಿ ನೆನೆದುದರ ಗುರುತು.

ಇದನ್ನು ಬರೆಯುವಾಗ ನನಗೆ ನೆನಪಾಗುವುದು ಭಾಸನದೆಂದು ಪ್ರಸಿದ್ಧವಾದ ಪ್ರತಿಮಾನಾಟಕದ ಮೂರನೆಯ ಅಂಕ. ಸೋದರಮಾವನ ಮನೆಯಿಂದ ಹಿಂದಿರುಗುತ್ತಿರುವ ಭರತನು ಅಯೋಧ್ಯೆಯ ಹೊರಗೆ ಒಂದು ಗುಡಿಯನ್ನು ಕಂಡು ಒಳಹೊಕ್ಕನು. ಯಾವ ದೇವರ ಗುಡಿಯೆಂದು ತಿಳಿಸುವ ಆಯುಧವಾಗಲಿ ಧ್ವಜವಾಗಲಿ ಹೊರಗಿರಲಿಲ್ಲ. ಒಳಗಿನ ನಾಲ್ಕು ಪ್ರತಿಮೆಗಳ ಶಿಲ್ಪವನ್ನು ಮೆಚ್ಚಿ, ಅವನ್ನು ದೇವತೆಗಳೆಂದೇ ಭಾವಿಸಿ ನಮಸ್ಕರಿಸಲು ಹೊರಟನು. ಗುಡಿಯ ಪರಿಚಾರಕನು ತಡೆದು, ಇವರು ದೇವತೆಗಳಲ್ಲ, ಇಕ್ಷ್ವಾಕುಕುಲದ ಅರಸರೆಂದು ಹೇಳಿ ಒಬ್ಬೊಬ್ಬರ ಹೆಸರನ್ನೂ ತಿಳಿಸಿದನು. ನಾಲ್ಕನೆಯ ಪ್ರತಿಮೆಯು ತನ್ನ ತಂದೆಯದೇ! ಬದುಕಿರುವವರ ಪ್ರತಿಮೆಯನ್ನೂ ಇಲ್ಲಿ ನಿಲ್ಲಿಸುವರೇ ಎಂದು ಭರತನು ಕೇಳುವನು. ಇಲ್ಲ, ಗತಿಸಿದವರದು ಮಾತ್ರ, ಎಂದು ಉತ್ತರ. ತಂದೆಯ ಮರಣವು ಮಗನಿಗೆ ತಿಳಿದ ಬಗೆ ಇದು.

ಪಾಠಶಾಲೆಯಲ್ಲಿ ಈ ಅಂಕವನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಕರುಣರಸವನ್ನು ವಿವರಿಸಿದ್ದೇನೆ, ಪ್ರತಿಮೆಯ ಸೌಂದರ್ಯವನ್ನು ವಿವರಿಸಿದ್ದೇನೆ. ಆದರೆ ಹೆತ್ತ ಮಗನೇ ತಂದೆಯ ಪ್ರತಿಮೆಯ ಮುಂದೆ ನಿಂತು, ಪರಿಚಾರಕನು ಹೆಸರು ಹೇಳುವವರೆಗೆ ಅದು ಯಾರದೆಂದು ನಿಶ್ಚಯಿಸಲಾರದೆ ಹೋದನೆಂಬ ಸಂಗತಿಯ ಮಹತ್ತ್ವವು ಕನಗನಹಳ್ಳಿಯ ಬಯಲಿನಲ್ಲಿ ನಿಂತಾಗ ಮಾತ್ರ ನನಗೆ ಹೊಳೆಯಿತು. ಹೆಸರು ಬರುವವರೆಗೆ ರೂಪವು ಮೂಕ. ಕನಗನಹಳ್ಳಿಯಲ್ಲಿ ಆ ಪರಿಚಾರಕನ ಕೆಲಸವನ್ನು ಎರಡು ಪದಗಳು ಮಾಡುತ್ತಿವೆ.

ಇದು ನಾಟಕದ ಕಲ್ಪನೆ ಮಾತ್ರವೆಂದು ತಳ್ಳುವಂತಿಲ್ಲ. ಮಹಾರಾಷ್ಟ್ರದ ನಾಣೇಘಾಟಿನ ಗುಹೆಯಲ್ಲಿ ಸಾತವಾಹನ ರಾಜಪರಿವಾರದವರ ಉಬ್ಬುಶಿಲ್ಪಗಳಿದ್ದವು. ಶಿಲ್ಪಗಳೆಲ್ಲವೂ ನಾಶವಾಗಿವೆ, ಅವುಗಳ ಮೇಲ್ಗಡೆ ಕೊರೆದ ಸಿಮುಕ, ನಾಗನಿಕೆ, ಸಾತಕರ್ಣಿ ಮೊದಲಾದವರ ಹೆಸರುಗಳು ಉಳಿದಿವೆ. ಮಥುರೆಯ ಸಮೀಪದ ಮಾಟ್ ಎಂಬಲ್ಲಿ ದೊರೆತ ಕನಿಷ್ಕನ ಪ್ರತಿಮೆಗೆ ತಲೆಯೇ ಇಲ್ಲ. ಮೈಮೇಲಿನ ಬರಹದಿಂದ ಅವನು ಕನಿಷ್ಕ. ಮುಖವಿಲ್ಲದೆ ಹೆಸರು ಉಳಿದುದಕ್ಕೆ ಹೀಗೆ ದೃಷ್ಟಾಂತಗಳಿವೆ. ಹೆಸರಿಲ್ಲದೆ ಮುಖವೊಂದೇ ಉಳಿದೆಡೆಗಳಲ್ಲಿ ನಾವು ಮಾಡುತ್ತಿರುವುದು ಬರಿಯ ಊಹೆ.

ನಮ್ಮ ದೇಶದ ಹೊರಗಿನ ಒಂದು ನಿದರ್ಶನವನ್ನು ಇಲ್ಲಿ ಕೊಡುವುದು ಅಪ್ರಕೃತವಾಗಲಾರದು. ಮಧ್ಯ ಅಮೇರಿಕದ ಮಾಯಾ ಜನರು ಮೆಟ್ಟಿಲು ಮೆಟ್ಟಿಲಾಗಿ ಎತ್ತರಿಸಿದ ಶಿಲಾಪಿರಮಿಡ್ಡುಗಳ ಮೇಲೆ ದೇವಾಲಯಗಳನ್ನು ಕಟ್ಟಿ, ಅವುಗಳ ಗೋಡೆಗಳಲ್ಲಿಯೂ ಅಂಗಳದ ನಿಲುಗಲ್ಲುಗಳಲ್ಲಿಯೂ ಆಕೃತಿಗಳನ್ನೂ ಲಿಪಿಯನ್ನೂ ತುಂಬಿದ್ದಾರೆ. (ಹೆಸರಿನ ಸಾಮ್ಯದಿಂದ ಮಯಾಸುರನಿಗೂ ಇವರಿಗೂ ಸಂಬಂಧ ಕಟ್ಟುವವರು ನಮ್ಮಲ್ಲಿದ್ದಾರೆ, ಅದು ವಿದ್ವತ್ತಲ್ಲ, ವಿನೋದ.) ಆ ಸ್ಥಳಗಳನ್ನು ನಾನು ಕಂಡವನಲ್ಲ, ಪುಸ್ತಕಗಳಿಂದ ಬಲ್ಲೆನು. ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಅಲ್ಲಿಯ ಬರಹಗಳು ಕಾಲಗಣನೆ ಮತ್ತು ದೇವತಾವಿಷಯಗಳಿಗೆ ಮಾತ್ರ ಸಂಬಂಧಪಟ್ಟವು, ಆಕೃತಿಗಳು ದೇವತೆಗಳದೋ ಪುರೋಹಿತರದೋ ಆಗಿರಬೇಕು ಎಂಬ ಮತವೇ ಪ್ರಬಲವಾಗಿತ್ತು. 1952ರಲ್ಲಿ ರಷ್ಯದ ಯೂರಿ ಕ್ನೊರೊಜೊವ್ ಎಂಬವರು ಆ ಲಿಪಿಯಲ್ಲಿ ಧ್ವನಿಸೂಚಕ ಅಕ್ಷರಗಳಿವೆಯೆಂದು ತೋರಿಸಿಕೊಟ್ಟರು. 1960ರಲ್ಲಿ ತತಿಯಾನಾ ಪ್ರೊಸ್ಕೂರಿಯಾಕೊಫ್ ಎಂಬ ವಿದುಷಿಯು ಪೀದ್ರಾಸ್ ನೇಗ್ರಾಸ್ ಎಂಬಲ್ಲಿಯ ನಿಲುಗಲ್ಲುಗಳ ತಾರೀಖುಗಳನ್ನು ಗುಂಪುಮಾಡಿ ನೋಡಿ, ಅವು ಅರಸರ ಜನನ, ಪಟ್ಟಾಭಿಷೇಕ ಮೊದಲಾದ ವೃತ್ತಾಂತಗಳೆಂದು ಸಾಧಿಸಿದರು. ದೇವತೆಗಳೆಂದು ತಿಳಿದಿದ್ದವರು ಅರಸರಾದರು. ಭರತನಿಗಾದ ಭ್ರಾಂತಿಯೂ ಅದರ ನಿವಾರಣೆಯೂ ಇದೇ ಅಲ್ಲವೇ?

ಅದೇ 1952ರಲ್ಲಿ ಮೆಕ್ಸಿಕೋ ದೇಶದ ಪಲೆಂಕೆಯಲ್ಲಿ, ‘ಶಾಸನಗಳ ದೇವಾಲಯ’ವೆಂದು ಹೆಸರಾದ ಪಿರಮಿಡ್ಡಿನ ಒಳಗಿನ ಮೆಟ್ಟಿಲುಗಳ ಮಣ್ಣನ್ನು ತೆಗೆಸಿದ ಆಲ್ಬೆರ್ತೊ ರೂಸ್ ಎಂಬವರಿಗೆ ತಳದಲ್ಲಿ ಒಂದು ರಾಜಸಮಾಧಿ ದೊರೆಯಿತು. ಸಮಾಧಿಯ ಮುಚ್ಚಳದ ಕಲ್ಲಿನಲ್ಲಿ ಹಿಂದಕ್ಕೆ ವಾಲಿದ ಒಬ್ಬ ಪುರುಷನ ಆಕೃತಿಯಿದೆ. ಬರಹವನ್ನು ಓದಲಾಗಿ ಅವನು ಕ್ರಿ. ಶ. 683ರಲ್ಲಿ, ಎಂದರೆ ನಮ್ಮಲ್ಲಿ ಬಾದಾಮಿಯ ವಿನಯಾದಿತ್ಯನು ಆಳುತ್ತಿದ್ದ ಕಾಲದಲ್ಲಿ, ಮೃತನಾದ ಪಕಲ್ ಎಂಬ ಅರಸನೆಂದು ತಿಳಿಯಿತು. ಬರಹದ ಗೊಡವೆಗೆ ಹೋಗದೆ ಆಕೃತಿಯನ್ನು ಮಾತ್ರ ನೋಡಿದ ಐರೋಪ್ಯ ಲೇಖಕನೊಬ್ಬನು 1968ರಲ್ಲಿ, ಇವನು ಆಕಾಶಯಾನದಲ್ಲಿ ಕುಳಿತ ಅನ್ಯಲೋಕದವನೆಂದು ಬರೆದನು. ಆ ಪುಸ್ತಕವು ಲಕ್ಷೋಪಲಕ್ಷ ಪ್ರತಿಗಳು ಮಾರಾಟವಾಯಿತು. ಅಕ್ಷರವನ್ನು ಬಿಟ್ಟು ಮುಖವನ್ನು ಹಿಡಿದವರು ಎಲ್ಲಿಯವರೆಗೆ ಹೋಗಬಲ್ಲರೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ನಮ್ಮ ‘ಏಕೈಕ ಭಾವಚಿತ್ರ’ವು ಅಷ್ಟು ದೂರ ಹೋಗಿಲ್ಲವೆಂಬುದು ನಿಜ, ದಾರಿ ಮಾತ್ರ ಅದೇ.

ಮತ್ತೆ ಕನಗನಹಳ್ಳಿಗೆ ಬರೋಣ. ಇಲ್ಲಿಯ ರಾಜಫಲಕಗಳ ಬರಹಗಳನ್ನು ಒಟ್ಟಿಗೆ ಇಟ್ಟು ನೋಡಿದಲ್ಲಿ ಒಂದು ವಿಶೇಷವು ಗೋಚರಿಸುತ್ತದೆ. ಸಾತಕರ್ಣಿರಾಜನು ಮಹಾಚೈತ್ಯಕ್ಕೆ ಬೆಳ್ಳಿಯ ಕಮಲಗಳನ್ನು ಅರ್ಪಿಸುತ್ತಾನೆಂದು ಒಂದು ಬರಹ. ಪುಳುಮಾವಿಯು ಉಜ್ಜಯಿನಿಯನ್ನು ಕೊಡುತ್ತಾನೆಂದು ಇನ್ನೊಂದು. ಇವುಗಳಲ್ಲಿ ಕ್ರಿಯಾಪದಗಳಿವೆ, ಅದರಲ್ಲಿಯೂ ವರ್ತಮಾನಕಾಲದ ಕ್ರಿಯಾಪದಗಳು. ಎಂದೋ ನಡೆದುಹೋದ ದಾನವು ಪ್ರದಕ್ಷಿಣೆ ಬರುವವನ ಕಣ್ಣೆದುರಿಗೆ ಈಗಲೇ ನಡೆಯುತ್ತಲಿದೆ. ಉತ್ತರರಾಮಚರಿತದ ಮೊದಲ ಅಂಕದಲ್ಲಿ ಲಕ್ಷ್ಮಣನು ಚಿತ್ರಗಳನ್ನು ತೋರಿಸುತ್ತ ಹೋದಂತೆ ಸೀತೆಯು ಗತಿಸಿದುದನ್ನು ಇಂದಿನದೆಂದೇ ಬಗೆದು ಕಳವಳಗೊಳ್ಳುವಳಷ್ಟೆ. ಅದೇ ರೀತಿಯ ಕಾವ್ಯವ್ಯಾಪಾರವು ಈ ಒಂದೊಂದು ಸಾಲಿನಲ್ಲಿದೆ. ನಾವು ವಿಚಾರಿಸುತ್ತಿರುವ ಅಶೋಕನ ಫಲಕದಲ್ಲಿಯಾದರೋ ಕ್ರಿಯಾಪದವಿಲ್ಲ. ಏನು ಕೊಟ್ಟನು, ಏನು ಕಟ್ಟಿಸಿದನು ಎಂಬುದೊಂದೂ ಇಲ್ಲ. ಹೆಸರು, ಅದರ ಹಿಂದೆ ‘ರಾಯಾ’. ಆಳುವ ಅರಸನ ಕೃತ್ಯವನ್ನು ಹೇಳಿಯೇ ತಿಳಿಸಬೇಕಾಗಿತ್ತು. ಅಶೋಕನ ಕೃತ್ಯವನ್ನು ಹೇಳಬೇಕಾದ ಅವಶ್ಯವೇ ಆ ಕಾಲದ ಭೀಮಾತೀರದ ಜನಕ್ಕೆ ಇರಲಿಲ್ಲವೆಂದು ನಾನು ಇದನ್ನು ಅರ್ಥಮಾಡುತ್ತೇನೆ. ಸ್ಥಳಾಭಾವವೇ ಕಾರಣವೆಂದು ಬೇರೆಯವರು ಹೇಳಬಹುದು. ಆದರೆ ಕಲ್ಲಿನಲ್ಲಿ ಸ್ಥಳವಿಲ್ಲದೆ ಹೋಗಿಲ್ಲ.

ಈ ನೆನಪಿಗೆ ಬೇರೆಯ ಆಧಾರವೂ ಉಂಟು. ಅಶೋಕನು ತನ್ನ ಶಾಸನಗಳಲ್ಲಿ ಬಹುಶಃ ಎಲ್ಲೆಡೆಯೂ ತನ್ನನ್ನು ‘ದೇವಾನಾಂಪ್ರಿಯ ಪ್ರಿಯದರ್ಶಿ’ಯೆಂದೇ ಕರೆದುಕೊಂಡಿದ್ದಾನೆ. ಅವನ ಸ್ವಂತ ಹೆಸರು ಬರುವ ಶಾಸನಗಳು ಬೆರಳೆಣಿಕೆಯಷ್ಟು: ಮಧ್ಯಪ್ರದೇಶದ ಗುಜರ್ರಾ ಒಂದು, ಉಳಿದವು ಮಸ್ಕಿ, ನಿಟ್ಟೂರು, ಉಡೇಗೋಳ, ಮೂರೂ ಕನ್ನಡನಾಡಿನವು. ಇವುಗಳೊಡನೆ ಕನಗನಹಳ್ಳಿಯನ್ನು ಸೇರಿಸಿ ನೋಡಿದರೆ, ಅಶೋಕನನ್ನು ಬಿರುದಿನಿಂದಲ್ಲದೆ ಹೆಸರಿನಿಂದ ಬಲ್ಲ ನಾಡು ಯಾವುದೆಂಬುದು ವಿದಿತವಾಗುತ್ತದೆ.

ಹಾಗಿದ್ದರೂ ನಮ್ಮ ಸಾಹಿತ್ಯಚರಿತ್ರೆಯ ಪಾಠಗಳಲ್ಲಿ ಈ ಕಲ್ಲುಗಳಿಗೆ ಸ್ಥಾನವೆಲ್ಲಿ? ಹಲ್ಮಿಡಿಯ ಶಾಸನದಿಂದ ತೊಡಗಿ ಕವಿರಾಜಮಾರ್ಗಕ್ಕೆ ನಡೆಯುವುದು ಅಧ್ಯಾಪಕರ ಕ್ರಮ. ಅದಕ್ಕೂ ಹಿಂದಿನ ಏಳೆಂಟು ಶತಮಾನಗಳ ಕಾಲ ಈ ನೆಲದ ಬರವಣಿಗೆಯ ಭಾಷೆಯು ಬಹುಮಟ್ಟಿಗೆ ಪ್ರಾಕೃತವೇ ಆಗಿದ್ದುದರಿಂದ ಅದು ‘ನಮ್ಮದಲ್ಲ’ವೆಂದು ಇತಿಹಾಸದ ಅಧ್ಯಾಪಕರಿಗೆ ಬಿಟ್ಟುಕೊಟ್ಟಿದ್ದೇವೆ. ಈ ವಾದವು ಕಡಗಂಚಿಯವನಾದ ನನಗೆ ಒಪ್ಪಿಗೆಯಾಗದು. ನಮ್ಮೂರ ಸಾಯಂದೇವನ ವಂಶದವನಾದ ಸರಸ್ವತೀ ಗಂಗಾಧರನು ಗುರುಚರಿತ್ರೆಯನ್ನು ಬರೆದುದು ಮರಾಠಿಯಲ್ಲಿ. ಆ ಭಾಷೆಯು ತನಗೆ ಬಾರದೆಂದು ಅವನೇ ಹೇಳಿಕೊಂಡಿದ್ದಾನೆ. ಅಷ್ಟರಿಂದ ಅವನು ನಮ್ಮೂರಿನವನಲ್ಲವೆಂದು ಯಾರೂ ಹೇಳಿಲ್ಲ. ಮಾತನಾಡುವ ಭಾಷೆಯೊಂದು, ಬರೆಯುವ ಭಾಷೆಯೊಂದು ಆಗಿರುವುದು ಈ ಗಡಿನಾಡಿಗೆ ಹಳೆಯ ರೂಢಿ.

ಇಲ್ಲಿ ನನ್ನದೇ ಒಂದು ದೋಷವನ್ನು ಒಪ್ಪಿಕೊಳ್ಳಬೇಕಾಗಿದೆ. ನಾವು ಸಂಸ್ಕೃತಪಾಠಶಾಲೆಯಲ್ಲಿ ನಾಟಕಗಳನ್ನು ಓದಿದುದು ಹೇಗೆ? ರಾಜನ ಸಂಸ್ಕೃತವನ್ನು ಓದುವುದು. ರಾಣಿ, ಸಖಿ, ವಿದೂಷಕ ಇವರ ಪ್ರಾಕೃತವು ಬಂದೊಡನೆ ಅದನ್ನು ದಾಟಿ ಕೆಳಗೆ ಅಚ್ಚಾದ ಸಂಸ್ಕೃತಚ್ಛಾಯೆಗೆ ಕಣ್ಣು ಹಾಯಿಸುವುದು. ನಮ್ಮ ಗುರುಗಳೂ ಹಾಗೆಯೇ ಓದಿಸಿದರು, ನಾನೂ ಹಾಗೆಯೇ ಓದಿಸಿದೆನು. ಶಕುಂತಲೆಯ ಮಾತನ್ನು ಅವಳ ಬಾಯಿಂದ ಒಂದು ದಿನವಾದರೂ ನಾವು ಕೇಳಿದವರಲ್ಲ. ಕನಗನಹಳ್ಳಿಯಲ್ಲಿ ಅರಸರೇ ಪ್ರಾಕೃತದಲ್ಲಿ ನಿಂತಿದ್ದಾರೆ, ಕೆಳಗೆ ಛಾಯೆಯಿಲ್ಲ. ಐವತ್ತು ದಾಟಿದ ಪಂಡಿತನು ಎರಡು ಮೂರು ಸಾಲುಗಳ ಮುಂದೆ ತಡವರಿಸುತ್ತಿರುವಾಗ, ಒಂದು ವರ್ಷ ಲಿಪಿಶಾಸ್ತ್ರ ಓದಿದ ಹುಡುಗನು ಅಕ್ಷರಗಳನ್ನು ಒಂದೊಂದಾಗಿ ಹೇಳಿಕೊಟ್ಟನು. ‘ಮೋದಕೈಃ’ ಎಂಬ ಮಾತಿನ ಸಂಧಿಯನ್ನರಿಯದೆ ರಾಣಿಗೆ ಲಡ್ಡುಗೆಗಳನ್ನು ತರಿಸಿ ನಗೆಗೀಡಾದ ಸಾತವಾಹನನ ಕಥೆಯನ್ನು ಕಥಾಸರಿತ್ಸಾಗರದಿಂದ ಹೇಳಿ ನಾನು ಎಷ್ಟೋ ತರಗತಿಗಳನ್ನು ನಗಿಸಿದ್ದೇನೆ. ಆ ದಿನ ಸಾತವಾಹನರ ಕಲ್ಲಿನ ಮುಂದೆ ನಗೆಯು ತಿರುಗಿ ನನ್ನ ಮೇಲೆಯೇ ಬಂತು.

ಸಂಜೆಯಾಗುವ ಮುನ್ನ ಸನ್ನತಿಯ ದೇವಾಲಯಕ್ಕೆ ಹೋದೆವು. 1986ರಲ್ಲಿ ಅಲ್ಲಿಯ ಕಾಳಿಕಾದೇವಿಯ ಗುಡಿಯ ಮಾಳಿಗೆ ಕುಸಿದು ಮೂರ್ತಿಯು ಭಗ್ನವಾದಾಗ, ಅದರ ಪೀಠವಾಗಿದ್ದ ಚಪ್ಪಡಿಯು ಅಶೋಕನ ಶಾಸನವೆಂದು ತಿಳಿಯಿತು. ಬಂಡೆಯಲ್ಲದ, ಸ್ತಂಭವೂ ಅಲ್ಲದ, ಎರಡು ಪಕ್ಕದಲ್ಲಿಯೂ ಬರೆದ ಚಪ್ಪಡಿ. ಒಂದು ಪಕ್ಕದಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಧರ್ಮಲಿಪಿಗಳ ಭಾಗಗಳು. ಇನ್ನೊಂದರಲ್ಲಿ, ಬೇರೆಡೆ ಕಳಿಂಗದ ಧೌಲಿ ಜೌಗಡಗಳಲ್ಲಿ ಮಾತ್ರ ದೊರೆತಿರುವ ಪ್ರತ್ಯೇಕ ಲಿಪಿಗಳು. ತನ್ನ ಮತವನ್ನು ಹೊಗಳಿ ಪರಮತವನ್ನು ಹಳಿಯಬಾರದು, ಮಾತಿನಲ್ಲಿ ಹಿಡಿತವಿರಬೇಕು ಎಂಬುದು ಹನ್ನೆರಡನೆಯದರ ತಾತ್ಪರ್ಯ. ಆ ಲಿಪಿಯು ಶತಮಾನಗಳ ಕಾಲ ದೇವಿಯ ಪಾದದ ಕೆಳಗೆ ಇದ್ದಿತು. ಇದನ್ನು ಕೆಲವರು ಅಪಚಾರವೆನ್ನುತ್ತಾರೆ. ಒಡೆದು ಬದುವಿಗೆ ಹಾಕಿದ ಕಲ್ಲುಗಳ ಗತಿಯನ್ನು ಬೆಳಿಗ್ಗೆ ತಾನೆ ನೋಡಿಬಂದಿದ್ದ ನನಗೆ ಹಾಗೆ ತೋರಲಿಲ್ಲ. ಪೀಠವಾದುದರಿಂದಲೇ ಅದು ಉಳಿಯಿತು.

ಮೂರ್ತಿಯನ್ನು ನಿಲ್ಲಿಸುವುದಕ್ಕಾಗಿ ಚಪ್ಪಡಿಯ ನಡುವೆ ಚೌಕವಾದ ರಂಧ್ರವನ್ನು ಕೊರೆದಿದ್ದಾರೆ; ಅಲ್ಲಿದ್ದ ಅಕ್ಷರಗಳು ಹೋಗಿವೆ. ಈ ಸಲ ಹುಡುಗನನ್ನು ಸುಮ್ಮನಿರಿಸಿ ನಾನೇ ಓದಲು ಹಿಡಿದೆನು. ಸಾಲು ರಂಧ್ರದ ಅಂಚಿಗೆ ಬಂದು ನಿಂತಿತು. ಹೋದ ಅಕ್ಷರಗಳನ್ನು ಅವನು ಧೌಲಿಯ ಪಾಠದಿಂದ ತುಂಬಿಕೊಟ್ಟನು. ಆಚೆಯ ಅಂಚಿನಿಂದ ನಾನು ಮುಂದುವರಿದೆನು.